ಬಿಲವಾಸಿ ದಂಶಕಗಳು: ಧಾರವಾಡ ಸೀಮೆಯ ಹೆಸರುಗಳು ಮತ್ತು ತಿಳಿವಳಿಕೆ

ಹೊಲಗಳಲ್ಲಿ ನೆಲದಡಿ ಬಾಳುವ ದಂಶಕಗಳನ್ನೆಲ್ಲ ‘ಇಲಿ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಸಾಮಾನ್ಯ ವಾಡಿಕೆ. ಆದರೆ ಅವುಗಳನ್ನು ಬಿಲದ ಸ್ವರೂಪ ಹಾಗೂ ನಡವಳಿಕೆಗಳಿಂದ ಬೇರ್ಪಡಿಸಿ ಹೆಸರಿಸುವ ತಿಳಿವಳಿಕೆ ಕನ್ನಡ ನಾಡಿನ ದುಡಿಯುವ ಜನರಲ್ಲಿತ್ತು. ಪ್ರಾಣಿಶಾಸ್ತ್ರವು ಅದಕ್ಕೆ ಋಣಿಯಾಗಿದೆ.

ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ (1803–1887) ಅವರು ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಅದರಲ್ಲಿ ಸ್ಥಳೀಯ ಹೆಸರುಗಳೂ ದಾಖಲಾಗಿವೆ. ಕನ್ನಡಿಗರು ‘ಕೋಕ್’ ಎನ್ನುತ್ತಿದ್ದ ಪ್ರಾಣಿಯು ಹಲವು ಕೋಣೆಗಳ ಬಿಲ ತೋಡಿ ಧಾನ್ಯವನ್ನು ಕೂಡಿಡುತ್ತದೆ. ಈ ಗುಣವನ್ನು ಕಂಡು ಎಲಿಯಟ್ ಅದನ್ನು ‘ಪ್ರಾವಿಡೆನ್ಸ್’, ಎಂದರೆ ಮುಂದಾಲೋಚನೆಯುಳ್ಳದ್ದು, ಎಂದು ಕರೆದರು. ಅದಕ್ಕೂ ಮೊದಲು, 1837ರಲ್ಲಿ, ಜಾನ್ ಎಡ್ವರ್ಡ್ ಗ್ರೇ ‘ಕೋಕ್’ ಎಂಬ ಕನ್ನಡ ಹೆಸರನ್ನೇ ಶಾಸ್ತ್ರೀಯ ನಾಮಕ್ಕೆ ಬಳಸಿದ್ದರು. ಇಂದು ಈ ಪ್ರಭೇದ ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್ ಎನಿಸಿದೆ. ಇದರ ಬಿಲಗಳನ್ನು ಅಗೆಯುತ್ತಿದ್ದ ವಡ್ಡರು ಪ್ರಾಣಿಯನ್ನೂ ಅದು ಕೂಡಿಟ್ಟ ಧಾನ್ಯವನ್ನೂ ಆಹಾರವಾಗಿ ಬಳಸುತ್ತಿದ್ದರು.

ವಡ್ಡರು ‘ಮೆಟ್ಟಾಡ್’ ಎನ್ನುತ್ತಿದ್ದ ಮೃದುರೋಮದ ಇಲಿಯ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡದಲ್ಲಿ ಉಳಿದುಬಂದಿದೆ. ಇದು ಎರೆಭೂಮಿಯ ಬಿರುಕುಗಳಲ್ಲಿಯೂ ವಾಸಿಸುತ್ತದೆ. ಮುಂಗಾರು ಬಲವಾಗಿ ಸುರಿದರೆ ಬಿರುಕುಗಳು ಕುಸಿದು ಮುಚ್ಚಿಕೊಂಡು ಹೆಚ್ಚಿನ ಸಂಖ್ಯೆಯ ಇಲಿಗಳು ನಾಶವಾಗುತ್ತವೆ. ಮಳೆ ಕೈಕೊಟ್ಟರೆ ಉಳಿದು ಹೆಚ್ಚುತ್ತವೆ. 1826ರಲ್ಲಿ ಹೀಗೆಯೇ ಆಯಿತು. ಬಿತ್ತಿದ ಬೀಜ ನೆಲದಲ್ಲಿಯೇ ತಿಂದುಹೋಯಿತು. ಜೋಳ ಬಲಿಯುವ ವೇಳೆಗೆ ಇಲಿಗಳು ದಂಟನ್ನೇರಿ ತೆನೆ ಕತ್ತರಿಸಿದವು. ರೈತರು ಧಾನ್ಯದ ಕೂಲಿ ಕೊಟ್ಟು ವಡ್ಡರಿಂದ ಅವುಗಳನ್ನು ಸಾವಿರಗಟ್ಟಲೆ ಕೊಲ್ಲಿಸಿದರೆಂದು ಎಲಿಯಟ್ ದಾಖಲಿಸಿದ್ದಾರೆ. ಬರಗಾಲದ ಹಾನಿಗೆ ಇಲಿಯ ಹಾವಳಿಯೂ ಸೇರುವುದಕ್ಕೆ ಕಾರಣ ಈ ಬಿರುಕುಗಳಲ್ಲಿದೆ.

ಈ ಭೇದಜ್ಞಾನಕ್ಕೆ ಇಂದಿಗೂ ಪ್ರಾಯೋಗಿಕ ಬೆಲೆಯಿದೆ. ಕೋಕ್ ತನ್ನ ಬಿಲದ ಬಾಯಿಯಲ್ಲಿ ಹೊಸ ಮಣ್ಣಿನ ಗುಡ್ಡೆ ಹಾಕುವುದರಿಂದ ಅದರ ಇರವು ಸುಲಭವಾಗಿ ತಿಳಿಯುತ್ತದೆ. ಸಂಜೆ ಬಿಲಗಳನ್ನು ಮುಚ್ಚಿ, ಮರುದಿನ ತೆರೆದುಕೊಂಡವುಗಳಲ್ಲಿ ಮಾತ್ರ ವಿಷದ ಆಹಾರವಿಡುವ ಕ್ರಮವು ಇಂತಹ ಬಿಲಗಳಿಗೆ ಒಪ್ಪುತ್ತದೆ. ನೆಲದ ಬಿರುಕುಗಳಲ್ಲಿ ಅಡಗುವ ಮೆಟ್ಟಾಡ್‌ಗೆ ಅದು ಅಷ್ಟಾಗಿ ಒದಗದು. ಆದುದರಿಂದ ಈ ಹೆಸರುಗಳನ್ನು ಕೇವಲ ನಿಘಂಟಿನ ಸಾಮಗ್ರಿಯೆಂದು ಎಣಿಸಲಾಗದು. ಒಂದೊಂದು ಹೆಸರಿನ ಹಿಂದೆಯೂ ಒಂದು ಬಗೆಯ ಬಿಲದ, ಒಂದು ಬಗೆಯ ನೆಲದ ಪರಿಚಯವಿದೆ. ಎಲ್ಲವನ್ನೂ ‘ಇಲಿ’ ಎಂದು ಕರೆದಾಗ ಕಳೆದುಹೋಗುವುದು ಆ ಪರಿಚಯವೇ.