ಹೊಸ್ತಿಲ ಹೊರಗೆ ನಿಂತ ಬಸುರಿ

ಬಸುರಿಯ ಬಯಕೆ ತೀರಿಸಬೇಕೆಂಬುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಮಾತು. ಮಾವಿನಕಾಯಿ, ಹಸಿರು ಬಳೆ, ಸೀಮಂತದ ಸೀರೆ ಇವೆಲ್ಲ ಬಯಕೆಯ ಪಟ್ಟಿಯಲ್ಲಿ ಸಲ್ಲುತ್ತವೆ. ಉದ್ಯೋಗ ಬೇಕೆಂದರೆ ಮಾತ್ರ ಎಲ್ಲರ ಹುಬ್ಬೂ ಮೇಲೇರುತ್ತದೆ. ಆದರೆ ಮನೆಬಾಡಿಗೆಯೂ ಅಂಗಡಿಯ ಸಾಲವೂ ಹೆರಿಗೆಯಾಗುವವರೆಗೆ ಕಾಯುವುದಿಲ್ಲ. ಐದನೆಯ ತಿಂಗಳಿನಲ್ಲಿ ನಾನು ಉದ್ಯೋಗ ಹುಡುಕಹೊರಟದ್ದು ಈ ಕಾರಣಕ್ಕೇ. ಒಂದು ಕಚೇರಿಯಲ್ಲಿ ನನ್ನ ಪ್ರಮಾಣಪತ್ರಗಳನ್ನು ಮೆಚ್ಚಿಕೊಂಡ ಅಧಿಕಾರಿಗಳು, ನಾನು ಎದ್ದು ನಿಂತೊಡನೆ, “ಬಾಣಂತನ ಮುಗಿಸಿಕೊಂಡು ಬನ್ನಿ, ತಾಯಿ” ಎಂದರು. ದನಿಯಲ್ಲಿ ಕನಿಕರವಿತ್ತು, ಕೆಲಸವಿರಲಿಲ್ಲ.

ಇಂಥವಳಿಗೆ ಕಾನೂನಿನ ಆಸರೆ ಎಷ್ಟು? 1961ರ ಹೆರಿಗೆ ಸೌಲಭ್ಯ ಕಾಯಿದೆ ದುಡಿಯುವ ಬಸುರಿಗೆ ಸಂಬಳಸಹಿತ ರಜೆ ಕೊಟ್ಟಿತು. 2017ರ ತಿದ್ದುಪಡಿ, ಮೊದಲ ಎರಡು ಮಕ್ಕಳ ಮಟ್ಟಿಗೆ, ಆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆ ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಈ ರಕ್ಷಣೆಯೆಲ್ಲ ಒಳಗೆ ಬಂದವಳಿಗೆ. ಅರ್ಜಿ ಹಿಡಿದು ಹೊಸ್ತಿಲ ಹೊರಗೆ ನಿಂತವಳನ್ನು ಸೇರಿಸಿಕೊಳ್ಳಲೇಬೇಕೆಂದು ಅದರಲ್ಲಿಲ್ಲ. ಕಾರ್ಮಿಕರ ರಾಜ್ಯ ವಿಮೆ ಇಲ್ಲದ ಕಡೆ ರಜೆಯ ಸಂಬಳವನ್ನು ಮಾಲೀಕನೇ ತೆರಬೇಕಾದ್ದರಿಂದ, ಒಳಗೆ ಸೌಲಭ್ಯ ಹೆಚ್ಚಿದಂತೆ ಹೊಸ್ತಿಲೂ ಎತ್ತರವಾಗುವ ಭಯವಿದೆ.

ಸಾರ್ವಜನಿಕ ಸಂಸ್ಥೆಗಳ ಹೊಸ್ತಿಲೂ ತಗ್ಗಾಗಿರಲಿಲ್ಲ. ಜೀವ ವಿಮಾ ನಿಗಮದ ನಮೂನೆಯೊಂದು ಅಭ್ಯರ್ಥಿನಿಯರ ಮುಟ್ಟಿನ ದಿನವನ್ನೂ ಹಿಂದಿನ ಬಸುರನ್ನೂ ಕೇಳುತ್ತಿತ್ತು. ತಪ್ಪು ವಿವರ ಕೊಟ್ಟಳೆಂದು ಕೆಲಸ ಕಳೆದುಕೊಂಡ ಮಹಿಳೆಯೊಬ್ಬಳನ್ನು ಮರಳಿ ಸೇರಿಸಿಕೊಳ್ಳುವಂತೆ 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು. ಇಂಥ ಪ್ರಶ್ನೆಗಳು ಹೆಣ್ಣಿನ ಮಾನಕ್ಕೆ ತಕ್ಕುವಲ್ಲ, ಅವನ್ನು ತೆಗೆಯುವುದು ಲೇಸು ಎಂಬುದು ಅದರ ಅಭಿಪ್ರಾಯವಾಗಿತ್ತು. ಆದರೂ 2021ರ ಡಿಸೆಂಬರ್ ಕೊನೆಯಲ್ಲಿ ಭಾರತೀಯ ಸ್ಟೇಟ್ ಬ್ಯಾಂಕು, ಮೂರು ತಿಂಗಳು ಮೀರಿದ ಬಸುರಿಯರು ‘ತಾತ್ಕಾಲಿಕವಾಗಿ ಅನರ್ಹರು’ ಎಂಬ ಸೂಚನೆ ಹೊರಡಿಸಿತ್ತು. ಪ್ರತಿಭಟನೆಯೆದ್ದು, 2022ರ ಜನವರಿಯಲ್ಲಿ ಅದನ್ನು ಹಿಂದೆಗೆದುಕೊಂಡಿತು.

ಉದ್ಯೋಗ ಹುಡುಕುವ ಸೋದರಿಯರು ಒಂದು ಲೆಕ್ಕವನ್ನು ಅರಿತಿರುವುದು ಒಳ್ಳೆಯದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ, ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸುತ್ತದೆ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಅಲ್ಲಿ 80 ದಿನ ದುಡಿದಿದ್ದರೆ ರಜೆಯ ಸಂಬಳಕ್ಕೆ ಹಕ್ಕು ಬರುತ್ತದೆ. ವಾರಕ್ಕೆ ಆರು ದಿನದ ಕೆಲಸವಾದರೆ 14 ವಾರದೊಳಗೆ ಅಷ್ಟು ದಿನ ತುಂಬುತ್ತವೆ. ಆದ್ದರಿಂದ ಐದು ತಿಂಗಳು ತುಂಬಿದವಳಿಗೂ ಕಾಲ ಮಿಂಚಿಲ್ಲ. “ಇನ್ನು ಈಗೇಕೆ?” ಎಂದು ನೆರೆಹೊರೆಯವರು ಅಂದರೆ, ಈ ಲೆಕ್ಕವನ್ನು ಅವರ ಮುಂದಿಡಬಹುದು.

ಮಾಲೀಕರೂ ಒಂದು ಲೆಕ್ಕ ಹಾಕಬೇಕು. 26 ವಾರಗಳ ರಜೆ ದೊಡ್ಡದಾಗಿ ಕಾಣುವುದು, ಅದರಾಚೆ ಅವಳು ದುಡಿಯಬಲ್ಲ 30 ವರ್ಷಗಳನ್ನು ಎಣಿಸದಿದ್ದಾಗ. ಸಂದರ್ಶನದಲ್ಲಿ ಕೇಳಬೇಕಾದದ್ದು ಅವಳಿಗೆ ಕೆಲಸ ಬರುತ್ತದೆಯೇ ಎಂಬುದನ್ನು. ಎಷ್ಟನೆಯ ತಿಂಗಳು ಎಂಬುದನ್ನಲ್ಲ.