ಸುಣ್ಣಕ್ಕೆ ಓಗೊಟ್ಟ ಹೃದಯ

ಹುಳು ಜ್ವರಕ್ಕೆ ಕೂತಾಗ ನಮ್ಮಜ್ಜಿ ತೆಳ್ಳನೆಯ ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ತಟ್ಟೆಗಳ ಮೇಲೆ ಉದುರಿಸುತ್ತಿದ್ದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ತಲೆಯೆತ್ತಿ ಸುಮ್ಮನಾಗುವುದಕ್ಕೆ ಶಿಡ್ಲಘಟ್ಟದ ಕಡೆ ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಹಾಸಿಗೆ ಒಣಗಿರಲಿ ಎಂದು ಸುಣ್ಣ. ನಾಲ್ಕನೇ ಜ್ವರ ಎದ್ದು ಬೆರಳಿನ ಗಾತ್ರಕ್ಕೆ ಬಂದ ಹುಳುವೊಂದನ್ನು ಅಜ್ಜಿ ಅಂಗೈ ಮೇಲಿಟ್ಟು ಬಾಗಿಲ ಬೆಳಕಿಗೆ ಹಿಡಿದು, "ನೋಡು ಮಗಾ, ಬೆನ್ನ ಮ್ಯಾಲೆ ಜೀವ ಓಡಾಡ್ತಾ ಐತೆ" ಅನ್ನುತ್ತಿದ್ದಳು. ಬಿಳಿ ಚರ್ಮದ ಕೆಳಗೆ ಬಾಲದಿಂದ ತಲೆಯ ಕಡೆಗೆ ಒಂದು ಮಸುಕು ಗೆರೆ. ಹಿಂದಿನಿಂದ ಮುಂದಕ್ಕೆ ಅಲೆಯಂತೆ ಮಿಡಿಯುವ ಗೆರೆ. ಅದೇ ಹುಳುವಿನ ಹೃದಯ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬಟ್ಟೆಯಲ್ಲಿ ಕಟ್ಟಿದ ಸುಣ್ಣಕ್ಕೂ ಆ ಮಿಡಿತಕ್ಕೂ ನೆಂಟಸ್ತಿಕೆ ಇದೆಯೆಂದು ತಿಳಿದದ್ದು ಇನ್ನೂ ತಡವಾಗಿ.

ರೇಷ್ಮೆ ಹುಳುವನ್ನು ಸೀಳಿ ಒಳಗಿನದನ್ನೆಲ್ಲ ಬಿಡಿಸಿ ಬರೆದವರಲ್ಲಿ ಮೊದಲಿಗರು ಇಟಲಿಯ ಬೊಲೋನ್ಯದ ವೈದ್ಯ ಮಾರ್ಚೆಲ್ಲೋ ಮಾಲ್ಪೀಗಿ. ಅವರ ಪುಸ್ತಕವನ್ನು ಲಂಡನ್ನಿನ ರಾಯಲ್ ಸೊಸೈಟಿ 1669ರಲ್ಲಿ ಪ್ರಕಟಿಸಿತು. ಬೆನ್ನುದ್ದದ ಆ ಹೃದಯ ಅದರಲ್ಲಿದೆ. ಆದರೆ ಮಿಡಿತ ಕಂಡದ್ದಷ್ಟೇ ಬಂತು. ಸ್ನಾಯು ಬಿಗಿಯುವಂತೆ ಮಾಡುವುದು ಯಾವುದು ಎಂಬ ಪ್ರಶ್ನೆಗೆ ಸುಳಿವು ಸಿಗಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ಆ ಸುಳಿವು ಬಂದದ್ದು ಲಂಡನ್ನಿನ ಒಂದು ನಲ್ಲಿಯಿಂದ.

ಸಿಡ್ನಿ ರಿಂಗರ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯರು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಕಪ್ಪೆಯ ಹೃದಯವನ್ನು ದೇಹದಿಂದ ಬಿಡಿಸಿ, ಉಪ್ಪುನೀರು ಹಾಯಿಸಿ, ಅದು ಎಷ್ಟು ಹೊತ್ತು ಬಡಿಯುತ್ತದೆಂದು ನೋಡುತ್ತಿದ್ದರು. 1882ರಲ್ಲಿ ಬರೆದ ಲೇಖನದಲ್ಲಿ, ಬರೀ ಉಪ್ಪುನೀರಲ್ಲೂ ಹೃದಯ ಚೆನ್ನಾಗಿ ಬಡಿಯುತ್ತದೆ ಎಂದು ಅವರು ಹೇಳಿದ್ದರು. ಆಮೇಲೆ ಗೊತ್ತಾಯಿತು, ಆ ಉಪ್ಪುನೀರನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ. ನ್ಯೂ ರಿವರ್ ವಾಟರ್ ಕಂಪನಿಯ ನಲ್ಲಿ ನೀರಿನಲ್ಲಿ ಮಾಡಲಾಗಿತ್ತು. ರಿಂಗರ್ ಶುದ್ಧವಾದ ಭಟ್ಟಿ ನೀರಿನಲ್ಲಿ ಮತ್ತೆ ಉಪ್ಪು ಕರಗಿಸಿ ನೋಡಿದರು. ಮಿಡಿತ ಸೊರಗುತ್ತ ಸೊರಗುತ್ತ ನಿಂತೇಹೋಯಿತು.

1883ರಲ್ಲಿ ಅವರು ಅದೇ ಪತ್ರಿಕೆಯಲ್ಲಿ, ತಾನು ಹಿಂದೆ ಬರೆದದ್ದು ತಪ್ಪು, ಕಾರಣ ಇಂಥದ್ದು ಎಂದು ಬಿಚ್ಚಿ ಬರೆದರು. ನಲ್ಲಿ ನೀರಿನಲ್ಲಿ ಏನೇನಿದೆಯೆಂಬ ಪಟ್ಟಿಯನ್ನೂ ಕೊಟ್ಟರು. ಹತ್ತು ಲಕ್ಷ ಭಾಗ ನೀರಿಗೆ ಕ್ಯಾಲ್ಸಿಯಂ 38.3 ಭಾಗ. ಆ ಕಾಲದ ರೂಢಿಯಂತೆ ಅವರು ಅದರ ಲವಣಗಳನ್ನು ಸುಣ್ಣದ ಲವಣ ಎಂದೇ ಕರೆದರು. ಅದನ್ನು ಚಿಟಿಕೆಯಷ್ಟು ಬೆರೆಸಿದ ಕೂಡಲೇ ನಿಂತ ಹೃದಯ ಮತ್ತೆ ಬಡಿಯಿತು. ಸುಣ್ಣವೇ ಹೆಚ್ಚಾದರೆ ಹೃದಯ ಬಿಗಿದುಕೊಂಡು ಸಡಿಲಲಾರದು. ಅದನ್ನು ಸರಿದೂಗಿಸಲು ಪೊಟ್ಯಾಸಿಯಂ ಬೇಕು. ತನ್ನ ತಪ್ಪನ್ನು ಕಲಸಿ ಮುಚ್ಚದೆ ಅಳೆದು ನೋಡಿದ ಈ ಮನುಷ್ಯನ ಮೇಲೆ ನನಗೆ ಬಹಳ ಪ್ರೀತಿ.

ಆ ನೀರಿನ ಹುಟ್ಟೂ ಹೇಳತಕ್ಕದ್ದೇ. ನ್ಯೂ ರಿವರ್ ಎನ್ನುವುದು ನದಿಯಲ್ಲ, ತೋಡಿದ ಕಾಲುವೆ. ಹರ್ಟ್‌ಫರ್ಡ್‌ಶೈರಿನ ಒರತೆಗಳಿಂದ ಲಂಡನ್ನಿಗೆ ಕುಡಿಯುವ ನೀರು ತರಲು ಹ್ಯೂ ಮಿಡಲ್‌ಟನ್ ತೋಡಿಸಿ 1613ರಲ್ಲಿ ಮುಗಿಸಿದ್ದು. ಆ ಒರತೆಗಳು ಉಕ್ಕುವುದು ಸೀಮೆಸುಣ್ಣದ ಬಂಡೆಯಿಂದ. ನೀರು ನೆಲದೊಳಗೆ ಸುಣ್ಣ ನೆಕ್ಕಿಕೊಂಡು ಬಂದು, 270 ವರ್ಷದ ಮೇಲೆ ಒಂದು ಕಪ್ಪೆಯ ಎದೆಯನ್ನು ಎಬ್ಬಿಸಿತು.

ಹೀಗೆ ಸುಣ್ಣ ಬೆರೆತ ಗಡಸು ನೀರೆಂದರೇನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆರೆಗಳು ಬತ್ತಿ ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದಲ್ಲಿ ನೀರು ಕಾಯಿಸುವ ಹಂಡೆಯ ಒಳಮೈಗೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಗೂಡು ಬೇಯಿಸುವ ನೀರು ಗಡಸಾದರೆ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ ಎಂದು ರೀಲರ್‌ಗಳು ನೀರು ನೋಡಿಯೇ ಬೇಸಿನ್ ಹಾಕುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ನಾನು ಪಿಯುಸಿ ಓದುವಾಗ ಪ್ರಾಣಿಶಾಸ್ತ್ರದ ಲ್ಯಾಬಿನ ಅಟೆಂಡರ್ ಬಕೆಟ್ಟಿನಲ್ಲಿ ಬೋರ್‌ವೆಲ್ ನೀರು ಹಿಡಿದು, ಅದಕ್ಕೇ ಉಪ್ಪು ಕದಡಿ ನಮ್ಮ ಮೇಜುಗಳಿಗೆ ಹಂಚುತ್ತಿದ್ದರು. ಕಪ್ಪೆಯ ಹೃದಯ ಆ ನೀರಿನಲ್ಲಿ ಬಹಳ ಹೊತ್ತು ಬಡಿಯುತ್ತಿತ್ತು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು, ರೆಕಾರ್ಡ್ ಬುಕ್ಕಿನಲ್ಲಿ ಚಿತ್ರ ಬರೆದೆವು, ಹೊರಟೆವು. ರಿಂಗರ್ ಎಂಬ ಹೆಸರು ಆ ಕೋಣೆಯಲ್ಲಿ ಕೇಳಿಬರಲಿಲ್ಲ. ಈಗ ಕಪ್ಪೆ ಕೊಯ್ಯುವುದೇ ನಿಂತಿದೆ; ಕಪ್ಪೆಯ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಕಥೆಯನ್ನಾದರೂ ಹೇಳಬಾರದೇ? ಪಠ್ಯದಲ್ಲಿ ಉಳಿದಿರುವುದು ಕ್ಯಾಲ್ಸಿಯಂ ಟ್ರೋಪೊನಿನ್‌ಗೆ ಅಂಟುತ್ತದೆ ಎಂಬ ಒಂದು ಸಾಲು. ಅದನ್ನು ಓದಿದ ಯಾವ ಹುಡುಗನಿಗೂ ಮನೆಯ ಹಂಡೆ ನೆನಪಾಗುವುದಿಲ್ಲ.

ಆ ಒಂದು ಸಾಲಿನ ಹಿಂದೆ ದೊಡ್ಡ ಜಗಳವೇ ಇದೆ. 1947ರಲ್ಲಿ ಅಮೆರಿಕದ ಹೈಲ್‌ಬ್ರನ್ ಮತ್ತು ವಿಯರ್ಸಿನ್‌ಸ್ಕಿ ಕಪ್ಪೆಯ ಸ್ನಾಯುವಿನ ಎಳೆಯೊಳಕ್ಕೆ ಕ್ಯಾಲ್ಸಿಯಂ ಚುಚ್ಚಿದಾಗ ಎಳೆ ಕುಗ್ಗಿತು. ಇಂಗ್ಲೆಂಡಿನ ಎ. ವಿ. ಹಿಲ್ ಲೆಕ್ಕ ಹಾಕಿ ಅಡ್ಡ ನಿಂತರು: ಹೊರಗಿನ ವಸ್ತು ಎಳೆಯ ನಡುಮಧ್ಯಕ್ಕೆ ಹರಡಿಕೊಂಡು ಹೋಗಲು ಬೇಕಾದ ಹೊತ್ತು, ಸ್ನಾಯು ಬಿಗಿಯುವ ಹೊತ್ತಿಗಿಂತ ಬಹಳ ಹೆಚ್ಚು. ಲೆಕ್ಕ ಸರಿಯಾಗಿಯೇ ಇತ್ತು. ಸುಣ್ಣದ ಉಗ್ರಾಣ ಎಳೆಯ ಒಳಗೇ ಇದೆ ಎಂಬುದು ಮಾತ್ರ ಆಗ ತಿಳಿದಿರಲಿಲ್ಲ.

ಹೃದಯದ ಒಂದು ಜೀವಕೋಶ ಸುಮಾರು 100 ಮೈಕ್ರೋಮೀಟರ್ ಉದ್ದ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪದಷ್ಟು. ಅದರೊಳಗೆ ಎರಡೆರಡು ಮೈಕ್ರೋಮೀಟರಿನ ಅಂಕಣಗಳು ಸಾಲಾಗಿ ನಿಂತಿವೆ; ಇವೇ ಸಾರ್ಕೊಮಿಯರ್. ಪ್ರತಿ ಅಂಕಣದಲ್ಲೂ ಆಕ್ಟಿನ್ ಎಂಬ ಸಣ್ಣ ಹುರಿ, ಮಯೊಸಿನ್ ಎಂಬ ದಪ್ಪ ಹುರಿ. ಎರಡರ ಉದ್ದವೂ ಬದಲಾಗುವುದಿಲ್ಲ. ಒಂದರ ಸಂದಿಯಲ್ಲಿ ಇನ್ನೊಂದು ಜಾರುತ್ತದೆ. 1954ರಲ್ಲಿ ಒಂದೇ ಸಂಚಿಕೆಯ 'ನೇಚರ್'ನಲ್ಲಿ ಎರಡು ತಂಡಗಳು ಇದನ್ನು ಅಕ್ಕಪಕ್ಕದಲ್ಲೇ ಪ್ರಕಟಿಸಿದವು. ಎರಡರಲ್ಲೂ ಒಬ್ಬೊಬ್ಬ ಹಕ್ಸ್‌ಲಿ, ಒಬ್ಬರಿಗೊಬ್ಬರು ನೆಂಟರಲ್ಲ. ಬಾವಿಯಿಂದ ಬಿಂದಿಗೆ ಸೇದುವವರು ಕೈ ಬದಲಿಸಿ ಬದಲಿಸಿ ಹಗ್ಗ ಎಳೆಯುವಂತೆ ಮಯೊಸಿನ್‌ನ ಪುಟ್ಟ ತಲೆಗಳು ಆಕ್ಟಿನ್ ಹಿಡಿದು, ಎಳೆದು, ಬಿಟ್ಟು, ಮುಂದಿನ ಹಿಡಿತಕ್ಕೆ ಕೈ ಚಾಚುತ್ತವೆ. ಒಂದೊಂದು ಎಳೆತಕ್ಕೂ ಕೋಶದ ಇಂಧನವಾದ ಎಟಿಪಿಯ ಶಕ್ತಿ ಖರ್ಚು.

ಸುಮ್ಮನಿರುವಾಗ ಆ ಹಗ್ಗವನ್ನು ಹಿಡಿಯಲಾಗದಂತೆ ಟ್ರೊಪೊಮಯೊಸಿನ್ ಎಂಬ ಎಳೆ ಅಡ್ಡ ಮಲಗಿರುತ್ತದೆ. ಅದಕ್ಕೆ ಚಿಲಕ ಟ್ರೋಪೊನಿನ್. ಮಿಡಿತದ ವಿದ್ಯುತ್ ಅಲೆ ಕೋಶದ ಮೇಲೆ ಹಾದಾಗ ಹೊರಗಿನಿಂದ ಕೊಂಚ ಕ್ಯಾಲ್ಸಿಯಂ ನುಗ್ಗುತ್ತದೆ. ಅದು ಒಳಗಿನ ಉಗ್ರಾಣದ ಬಾಗಿಲು ತಟ್ಟಿದರೆ ಅಲ್ಲಿಂದ ಇನ್ನೂ ಹೆಚ್ಚು ಕ್ಯಾಲ್ಸಿಯಂ ಸುರಿಯುತ್ತದೆ, ಕೋಶದಲ್ಲಿ ಅದರ ಪ್ರಮಾಣ ಸುಮಾರು ಹತ್ತು ಪಟ್ಟು ಏರುತ್ತದೆ. ಟ್ರೋಪೊನಿನ್‌ಗೆ ಕ್ಯಾಲ್ಸಿಯಂ ಕೂತೊಡನೆ ಚಿಲಕ ಸರಿಯುತ್ತದೆ, ತಲೆಗಳು ಎಳೆಯತೊಡಗುತ್ತವೆ. ಬಿಗಿತ ಸಡಿಲಬೇಕಾದರೆ ಸುರಿದದ್ದನ್ನು ಮತ್ತೆ ಉಗ್ರಾಣಕ್ಕೆ ಎತ್ತಿ ತುಂಬಬೇಕು. ಅದಕ್ಕೂ ಪಂಪುಗಳಿವೆ, ಅದಕ್ಕೂ ಎಟಿಪಿ ಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ನಡೆಯುತ್ತದೆ.

ಟ್ರೋಪೊನಿನ್ ಕಂಡುಹಿಡಿದದ್ದು ಜಪಾನಿನ ಸೆತ್ಸುರೊ ಎಬಾಶಿ ಮತ್ತು ಸಂಗಡಿಗರು, 1960ರ ದಶಕದಲ್ಲಿ. ಕ್ಯಾಲ್ಸಿಯಂನಂಥ ಸಾಧಾರಣ ವಸ್ತು ಸ್ನಾಯುವನ್ನು ಆಳುತ್ತದೆಂದರೆ ಆಗಲೂ ಅನೇಕ ಘಟಾನುಘಟಿಗಳು ನಂಬಲಿಲ್ಲ. ಇವತ್ತು ಎದೆನೋವೆಂದು ಆಸ್ಪತ್ರೆಗೆ ಹೋದರೆ ಬರೆದುಕೊಡುವ ಟ್ರೋಪೊನಿನ್ ಟೆಸ್ಟ್ ಅದೇ ಚಿಲಕದ್ದು. ಹೃದಯದ ಕೋಶ ಒಡೆದು ಸತ್ತರೆ ಅದು ರಕ್ತಕ್ಕೆ ಸೋರುತ್ತದೆ. ಪಕ್ಕದ ಮಂಚಕ್ಕೆ ತೂಗುಬಿಟ್ಟ ಆರ್‌ಎಲ್ ಬಾಟಲಿಯ 'ಆರ್' ಎಂದರೆ ರಿಂಗರ್. 1932ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಕಳೆದ ವರ್ಷ ಅಜ್ಜಿಯ ಹಾಸಿಗೆಯ ಬದಿಯಲ್ಲಿ ಕೂತು ನಾನು ಆ ಬಾಟಲಿಯ ಚೀಟಿ ಓದಿದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಕ್ಲೋರೈಡ್. ಲಂಡನ್ನಿನ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಉಗ್ರಾಣದ ಬಾಗಿಲಿಗೆ ರಯನೊಡಿನ್ ರಿಸೆಪ್ಟರ್ ಎಂದು ಹೆಸರು. ರಯನೊಡಿನ್ ಎನ್ನುವುದು ದಕ್ಷಿಣ ಅಮೆರಿಕದ ರಯಾನಿಯ ಗಿಡದ ವಿಷ. ಅದರ ಪುಡಿಯನ್ನು ಹಿಂದೆ ಕೀಟನಾಶಕವಾಗಿ ಬಳಸುತ್ತಿದ್ದರು. ಆ ವಿಷ ಎಲ್ಲಿ ಅಂಟುತ್ತದೆಂದು ಹುಡುಕುತ್ತ ಹೋದವರಿಗೆ 1980ರ ದಶಕದಲ್ಲಿ ಬಾಗಿಲು ಸಿಕ್ಕಿತು. ಬಳಿಕ ಬಂದ ಹೊಸ ಕೀಟನಾಶಕಗಳು, ಕ್ಲೋರಾಂಟ್ರಾನಿಲಿಪ್ರೋಲ್‌ನಂಥವು, ಕೆಲಸ ಮಾಡುವುದೂ ಕೀಟಗಳ ಈ ಬಾಗಿಲ ಮೇಲೆಯೇ. ನಮ್ಮ ದೇಹದ ಬಾಗಿಲಿಗೆ ಅವುಗಳ ಪೆಟ್ಟು ನೂರಾರು ಪಟ್ಟು ಕಡಿಮೆ. ಟೊಮೆಟೊ ಕಾಯಿಕೊರಕಕ್ಕೆ ರೈತ ನಂಬುವ ಔಷಧಿ ಇದು. ರೇಷ್ಮೆ ಹುಳುವೂ ಕಾಯಿಕೊರಕದಂತೆ ಪತಂಗದ ಮರಿಯೇ ಅಲ್ಲವೇ? ಸೊಪ್ಪಿನ ಮೇಲೆ ಎಷ್ಟು ಸಣ್ಣ ಹನಿ ಬಿದ್ದಿದ್ದರೂ ಸಾಕು.

ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಆದದ್ದು ಅದೇ. ನಾಲ್ಕನೇ ಜ್ವರ ಎದ್ದ ಹುಳು, ಇನ್ನು ನಾಲ್ಕೈದು ದಿನಕ್ಕೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕು. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ನಮ್ಮ ಹಿಪ್ಪುನೇರಳೆ ಸಾಲಿಗೂ ಬಿದ್ದಿತ್ತು. ಬೆಳಿಗ್ಗೆ ಸೊಪ್ಪು ಹಾಕಿದೆವು, ಸಂಜೆಗೆ ಹುಳು ಮೇಯುವ ಸದ್ದೇ ಇಲ್ಲ. ಮಳೆ ಬಂದಂತೆ ಸರಸರ ಎನ್ನುತ್ತಿದ್ದ ಹುಳುಮನೆ ಮೌನವಾಗಿತ್ತು. ಹುಳುಗಳು ಹಸಿರು ನೀರು ಕಕ್ಕಿ, ಮೈ ಕುಗ್ಗಿಸಿಕೊಂಡು ಬಿದ್ದಿದ್ದವು. ಉಗ್ರಾಣದ ಬಾಗಿಲು ತೆರೆದೇ ಉಳಿದು ಸುಣ್ಣವೆಲ್ಲ ಸೋರಿ, ಸ್ನಾಯು ಇನ್ನು ಯಾವ ಕರೆಗೂ ಓಗೊಡಲಾರದ ಸ್ಥಿತಿ ಅದು. ಅಜ್ಜಿ ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಏನೂ ಹೇಳಲಿಲ್ಲ.

ಈಗ ಪಕ್ಕದ ತೋಟದವರು ಔಷಧಿ ಹೊಡೆಯುವ ಹಿಂದಿನ ಸಂಜೆ ಬೇಲಿಯ ಹತ್ತಿರ ಬಂದು ಕೂಗುತ್ತಾರೆ: "ಅಣ್ಣಾ, ನಾಳೆ ಹೊಡೀತೀನಿ, ಈ ಕಡೆ ಸಾಲಿನ ಸೊಪ್ಪು ಇವತ್ತೇ ಕೊಯ್ಕೊಂಡ್ಬಿಡಿ." ನಾವು ಕತ್ತಲಾಗುವ ಮುಂಚೆ ಆರು ಸಾಲು ಕೊಯ್ದು, ಒದ್ದೆ ಗೋಣಿ ಮುಚ್ಚಿ, ಒಳಗಿಡುತ್ತೇವೆ.