ಒತ್ತೆಯ ಪದ

ಚರಿತ್ರೆಯನ್ನು ಬರೆಯುವವರು ಶಾಸನ, ನಾಣ್ಯ, ಕಾಗದಪತ್ರಗಳನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅಕ್ಷರವರಿಯದ ಜನ ತಮ್ಮ ಚರಿತ್ರೆಯನ್ನು ಹಾಡಿನಲ್ಲಿ ಕಾಪಾಡಿಕೊಂಡರು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ತಿರುಗಿಬಿದ್ದ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ವಿಚಿತ್ರವಾದರೂ ನಿಜ. ಆದರೆ ಹಾಡಿನೊಳಗೆ ನಾಡಿನ ಕಥೆಯೊಂದೇ ಇರುವುದಿಲ್ಲ. ಹಾಡಿದವರ ಬಾಳೂ ಬೆರೆತಿರುತ್ತದೆ. ಇದನ್ನು ನಾನು ತಿಳಿದದ್ದು ಗ್ರಂಥಗಳಿಂದಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಲ್ಲಿ, ನಮ್ಮ ಅಜ್ಜಿಯ ಬೀಸುವ ಕಲ್ಲಿನ ಬಳಿ.

ಹಳೆಯ ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ಲಾವಣಿಗಳು ಬಹಳ ಪ್ರಚಾರದಲ್ಲಿದ್ದವು. ಜಾತ್ರೆಯಲ್ಲಿ ಅವನ್ನು ಕೇಳಿ ಬಂದ ಅಜ್ಜಿ, ನೆನಪಿನಲ್ಲಿ ಉಳಿದಷ್ಟನ್ನು ಬೀಸುವ ಪದದ ಧಾಟಿಗೆ ಹೊಂದಿಸಿಕೊಂಡಿದ್ದರು. ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುತ್ತ ಅವರು ಹಾಡುವಾಗ ಯುದ್ಧದ ವರ್ಣನೆ ಬಹು ಬೇಗ ಮುಗಿಯುತ್ತಿತ್ತು. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದದ್ದಕ್ಕೂ ಎರಡೇ ನುಡಿ. ಅವನ ಮಕ್ಕಳು ಒತ್ತೆಯಾಗಿ ಹೋಗುವ ಭಾಗ ಬಂದಾಗ ಮಾತ್ರ ಕಲ್ಲು ನಿಧಾನವಾಗುತ್ತಿತ್ತು.

ಆ ಪ್ರಸಂಗದ ಹಿನ್ನೆಲೆ ಹೀಗಿದೆ. 1792ರಲ್ಲಿ ಕಾರ್ನ್‌ವಾಲಿಸನು ನಿಜಾಮ ಮತ್ತು ಮರಾಠರೊಡಗೂಡಿ ಶ್ರೀರಂಗಪಟ್ಟಣವನ್ನು ಮುತ್ತಿದನು. ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಬೇಕಾಯಿತು. ಅದಕ್ಕೆ ಒತ್ತೆಯಾಗಿ ತನ್ನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಒಪ್ಪಿಸಬೇಕಾಯಿತು. ಆಂಗ್ಲ ಚಿತ್ರಕಾರರಿಗೆ ಈ ದೃಶ್ಯ ಬಹು ಪ್ರಿಯವಾಗಿತ್ತು. ರಾಬರ್ಟ್ ಹೋಮನ ಚಿತ್ರದಲ್ಲಿ ಕಾರ್ನ್‌ವಾಲಿಸನು ಮಗುವಿನ ಕೈಹಿಡಿದು ಬರಮಾಡಿಕೊಳ್ಳುವ ಉದಾರಿಯಂತೆ ಕಾಣುತ್ತಾನೆ. ಅಜ್ಜಿಯ ಪದದಲ್ಲಿ ಅವನ ಹೆಸರೇ ಇರಲಿಲ್ಲ. ಅಲ್ಲಿ ಇದ್ದವಳು, ಮಕ್ಕಳಿಗೆ ತಲೆ ಬಾಚಿ, ರಾಗಿರೊಟ್ಟಿಯ ಬುತ್ತಿ ಕಟ್ಟಿ, ಹೊಸ್ತಿಲಲ್ಲಿ ನಿಂತ ತಾಯಿ. ಅರಮನೆಯ ಮಕ್ಕಳಿಗೆ ರಾಗಿರೊಟ್ಟಿಯೇ ಎಂದು ನಾವು ಹುಡುಗರು ನಗುತ್ತಿದ್ದೆವು.

ಆ ಬುತ್ತಿ ಯಾರದೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಜ್ಜಿಯ ತಮ್ಮನನ್ನು, ಅವನಿಗೆ ಹತ್ತು ತುಂಬುವ ಮೊದಲೇ, ಮೂವತ್ತು ರೂಪಾಯಿ ಸಾಲಕ್ಕಾಗಿ ಸಾಹುಕಾರರೊಬ್ಬರ ಮನೆಯಲ್ಲಿ ಜೀತಕ್ಕೆ ಇಟ್ಟಿದ್ದರು. ಒಡವೆಯನ್ನು ಇಟ್ಟರೂ ಒತ್ತೆ, ಆಳನ್ನು ಇಟ್ಟರೂ ಒತ್ತೆ; ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಹುಡುಗನು ಮರುವರ್ಷವೇ ಜ್ವರ ಬಂದು ಅಲ್ಲಿ ತೀರಿಕೊಂಡನಂತೆ.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನು ಅಜ್ಜಿಯ ಪದವನ್ನು ತಿದ್ದಲು ಹೋದೆ. ಪದದಲ್ಲಿ ಆ ಮಕ್ಕಳು ಹಿಂದಿರುಗುವುದಿಲ್ಲ. ಚರಿತ್ರೆಯಲ್ಲಿ 1794ರಲ್ಲಿ ತಂದೆಯ ಬಳಿಗೆ ಹಿಂದಿರುಗಿದರು. ಇದನ್ನು ಹೇಳಿದಾಗ ಅಜ್ಜಿ ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕಿ, “ಬಂದ್ರಾ? ಒಳ್ಳೇದಾಯ್ತು ಬುಡು ಮಗ” ಎಂದರು. ಮರುದಿನ ಪದ ಮೊದಲಿನಂತೆಯೇ ಇತ್ತು.

ಇಂಥ ಪದವನ್ನು ಚರಿತ್ರೆಯ ಸಾಕ್ಷಿಯೆಂದು ಒಪ್ಪಬಹುದೇ? 1792ರಲ್ಲಿ ನಡೆದದ್ದೇನು ಎಂಬುದಕ್ಕೆ ಒಪ್ಪಲಾಗದು. ಅದಕ್ಕೆ ಒಪ್ಪಂದದ ಪತ್ರವೇ ಆಧಾರ. ಆದರೆ 170 ವರ್ಷಗಳು ಕಳೆದ ಮೇಲೂ ಹಳ್ಳಿಯ ಹೆಂಗಸೊಬ್ಬಳು ದೊರೆಯ ಸೋಲನ್ನು ತನ್ನ ಮನೆಯ ಸೋಲೆಂದು ಏಕೆ ಬಗೆದಳು ಎಂಬುದನ್ನು ಆ ಪತ್ರ ಹೇಳಲಾರದು. ಹಾಡುವವರು ಬೇಕಾದಲ್ಲಿ ನಿಲ್ಲಬಹುದು, ಬೇಡವಾದದ್ದನ್ನು ದಾಟಬಹುದು, ತಮ್ಮದೊಂದು ನುಡಿಯನ್ನು ಸೇರಿಸಬಹುದು. ಅವರು ನಿಂತ ಎಡೆಯನ್ನು ಗಮನಿಸಿದರೆ ಅವರ ಬದುಕು ಗೋಚರವಾಗುತ್ತದೆ. ಟಿಪ್ಪುವಿನ ವಿಷಯದಲ್ಲಿ ಎಲ್ಲ ಸೀಮೆಗಳ ನೆನಪೂ ಒಂದೇ ಬಗೆಯದಲ್ಲ. ಕೊಡಗಿನ ನೆನಪು ಬೇರೆ. ಅದನ್ನೂ ಕೇಳಿಸಿಕೊಳ್ಳಬೇಕು.

1976ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದಿತು. ಅಷ್ಟರಲ್ಲಿ ನಮ್ಮ ಮನೆಯ ರಾಗಿಯೂ ಗಿರಣಿಗೆ ಹೋಗತೊಡಗಿ, ಬೀಸುವ ಕಲ್ಲು ಹಿತ್ತಲಿನ ಗೋಡೆಗೆ ಒರಗಿತ್ತು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಅದನ್ನು ಎರಡು ಸಲ ಓದಿಸಿ ಕೇಳಿದರು.